ಮಂಗನಬಾವು ಮೂರು ತಿಂಗಳು ಇರುತ್ತದೆಯೇ?

ಪ್ರಶ್ನೆ: ನನ್ನ ಮೊಮ್ಮಗಳಿಗೆ ನಾಲ್ಕು ವರ್ಷ, ತೂಕ ಹತ್ತೂವರೆ ಕಿಲೋ. ಕಿವಿ ಸೋರುವುದು ನಿಲ್ಲುವುದೇ ಇಲ್ಲ. ಎರಡು ಸಲ ನ್ಯುಮೋನಿಯಾ ಆಗಿ ಅಡ್ಮಿಟ್ ಮಾಡಿದ್ದೆವು. ಎರಡೂ ಕಿವಿಯ ಕೆಳಗೆ ಬಾವು ಬಂದು ಮೂರು ತಿಂಗಳಾಯಿತು. ಮುಟ್ಟಿದರೆ ನೋವಿಲ್ಲ. ಮಂಗನಬಾವು ಎಂದು ಲೇಪ ಹಚ್ಚುತ್ತಿದ್ದೇವೆ. ಅಳಿಯ ಹೋದ ವರ್ಷ ಟಿ.ಬಿ.ಯಿಂದ ತೀರಿಕೊಂಡ. ಈಗ ಗದಗಿನ ಡಾಕ್ಟರು ಎಚ್‌ಐವಿ ಪರೀಕ್ಷೆ ಮಾಡಿಸಿ ಅಂತಾರೆ. ಮಗಳು ಬಸುರಿದ್ದಾಗ ರಕ್ತ ನೋಡಿ ಏನೂ ಇಲ್ಲ ಅಂದಿದ್ದರು. ಕೂಸಿಗೆ ಎಲ್ಲಿಂದ ಬರಬೇಕು?
— ಹೆಸರು ಬೇಡ, ಮುಂಡರಗಿ ತಾಲ್ಲೂಕು

ಉತ್ತರ (ಮಕ್ಕಳ ತಜ್ಞೆ, ಹುಬ್ಬಳ್ಳಿ): ತಾಯಿ, ಆ ಡಾಕ್ಟರ ಮೇಲೆ ಸಿಟ್ಟಾಗಬೇಡಿ. ನಾನಾಗಿದ್ದರೂ ಇದನ್ನೇ ಹೇಳುತ್ತಿದ್ದೆ.

ಮಂಗನಬಾವು ನೋಯುತ್ತದೆ, ಸಾಮಾನ್ಯವಾಗಿ ಹತ್ತು ದಿನದೊಳಗೆ ಇಳಿಯುತ್ತದೆ. ನೋವಿಲ್ಲದೆ ಎರಡೂ ಕಡೆ ತಿಂಗಳುಗಟ್ಟಲೆ ಕೂತ ಬಾವು ಅದಲ್ಲ. ಎಚ್‌ಐವಿ ಇರುವ ಕೆಲವು ಮಕ್ಕಳಲ್ಲಿ ಜೊಲ್ಲಿನ ಗ್ರಂಥಿ ಹೀಗೇ ಊದಿಕೊಳ್ಳುತ್ತದೆ. ಕಿವಿ ಸೋರುವುದು, ನ್ಯುಮೋನಿಯಾ ಎಷ್ಟೋ ಮಕ್ಕಳಿಗೆ ಬರುತ್ತವೆ. ಅದೊಂದನ್ನೇ ಹಿಡಿದು ಯಾರೂ ಎಚ್‌ಐವಿ ಅನ್ನುವುದಿಲ್ಲ. ಆದರೆ ಎಲ್ಲ ಒಟ್ಟಿಗೆ ಬಂದಿವೆ, ಈ ವಯಸ್ಸಿಗೆ 15-16 ಕಿಲೋ ಇರಬೇಕಾದ ತೂಕವೂ ಇಲ್ಲ. ಬಾಯಲ್ಲಿ ಮೊಸರು ಮೆತ್ತಿದಂಥ ಬಿಳಿ ಪದರ, ಮೈಮೇಲೆ ತುರಿಕೆಯ ಗುಳ್ಳೆ, ಕಂಕುಳಲ್ಲಿ ಗಂಟು ಇವೆಯಾ, ನೋಡಿ ಹೇಳಿ. ಟಿ.ಬಿ. ಪರೀಕ್ಷೆಯೂ ಆಗಲಿ.

‘ಬಸುರಿದ್ದಾಗ ನೋಡಿದ್ರಲ್ಲ’ ಅನ್ನುವ ಮಾತು ನನ್ನ ಒಪಿಡಿಯಲ್ಲೂ ಕೇಳುತ್ತಿರುತ್ತೇನೆ. ಆ ಪರೀಕ್ಷೆ ಆ ದಿನದ ಮಟ್ಟಿಗೆ ಮಾತ್ರ. ಆಮೇಲೆ ಗಂಡನಿಂದ ಸೋಂಕು ತಗುಲಿದರೆ ಹೆರಿಗೆಯಲ್ಲೋ ಎದೆಹಾಲಿನಲ್ಲೋ ಕೂಸಿಗೆ ದಾಟಬಹುದು. ಹೊಸದಾಗಿ ತಗುಲಿದಾಗ ತಾಯಿಯ ರಕ್ತದಲ್ಲಿ ವೈರಸ್ ಜಾಸ್ತಿ, ಅಪಾಯವೂ ಜಾಸ್ತಿ. ಇದರಲ್ಲಿ ನಿಮ್ಮ ಮಗಳ ತಪ್ಪೇನಿದೆ, ಹೇಳಿ?

ಅದಕ್ಕೇ ನಿಮ್ಮ ಮಗಳು, ಮೊಮ್ಮಗಳು ಇಬ್ಬರಿಗೂ ಪರೀಕ್ಷೆ ಆಗಬೇಕು. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರ) ಉಚಿತ. 18 ತಿಂಗಳು ದಾಟಿರುವುದರಿಂದ ಮೊಮ್ಮಗಳಿಗೆ ಸಾದಾ ರಕ್ತ ಪರೀಕ್ಷೆ ಸಾಕು. ಅದಕ್ಕಿಂತ ಸಣ್ಣ ಕೂಸಾದರೆ ತಾಯಿಯಿಂದ ಬಂದ ಪ್ರತಿಕಾಯಗಳು (ಸೋಂಕಿನ ವಿರುದ್ಧ ದೇಹ ತಯಾರಿಸುವ ವಸ್ತುಗಳು) ಇನ್ನೂ ರಕ್ತದಲ್ಲಿದ್ದು ದಾರಿ ತಪ್ಪಿಸುತ್ತವೆ, ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಬೇಕಾಗುತ್ತದೆ. ಸೋಂಕು ಇದೆ ಅಂತಾದರೆ ತಡ ಮಾಡದೆ ಎಆರ್‌ಟಿ, ಅಂದರೆ ವೈರಸ್ ಹತ್ತಿಕ್ಕುವ ಮಾತ್ರೆ-ಔಷಧಿ, ಶುರುವಾಗಬೇಕು. ಅದೂ ಉಚಿತ, ನಮ್ಮ ಹುಬ್ಬಳ್ಳಿಯ ಕಿಮ್ಸ್‌ನಲ್ಲೂ ಕೇಂದ್ರವಿದೆ. ಮಾತ್ರೆ ತಪ್ಪಿಸದ ಮಕ್ಕಳು ತೂಕ ಏರಿಸಿಕೊಂಡು ಶಾಲೆಗೆ ಹೋಗುತ್ತಾರೆ. ಊರಿಗೆ ಗೊತ್ತಾದೀತು ಎಂಬ ಅಂಜಿಕೆ ಇದ್ದರೆ, 2017ರ ಎಚ್‌ಐವಿ-ಏಡ್ಸ್ ಕಾಯ್ದೆ ಪ್ರಕಾರ ಆಸ್ಪತ್ರೆಯವರು ಈ ವಿಷಯ ಗುಟ್ಟಾಗಿಡಲೇಬೇಕು. ಕೇಳುವುದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ.

ಹೋಗುವಾಗ ಅಳಿಯನ ಟಿ.ಬಿ. ಚೀಟಿಗಳನ್ನೂ ಒಯ್ಯಿರಿ. ಟಿ.ಬಿ., ಎಚ್‌ಐವಿ ಎಷ್ಟೋ ಸಲ ಜೊತೆಗೇ ಇರುವುದರಿಂದ ಟಿ.ಬಿ. ಇದ್ದವರಿಗೆ ಎಚ್‌ಐವಿ ಪರೀಕ್ಷೆ ಮಾಡುವ ಪದ್ಧತಿ ಇದೆ. ಅದರ ಫಲಿತಾಂಶ ಆ ಚೀಟಿಗಳಲ್ಲೇ ಬರೆದಿರಬಹುದು.