ಹಳೆ ಫಾಕ್ಸ್‌ಪ್ರೊ ಲೆಕ್ಕ, ಹೊಸ ಸರ್ವರ್: ಫೋಲ್ಡರ್ ಕಾಪಿ ಮಾಡಿದರೆ ಸಾಕೆ?

ಪ್ರಶ್ನೆ: ಸಾಗರ ತಾಲ್ಲೂಕಿನ ನಮ್ಮ ಸಹಕಾರ ಸಂಘದಲ್ಲಿ ಸದಸ್ಯರ ಖಾತೆ, ಅಡಿಕೆ ವಹಿವಾಟು ಎಲ್ಲವೂ ವಿಷುವಲ್ ಫಾಕ್ಸ್‌ಪ್ರೊ ಎಂಬ ಹಳೆ ಡೇಟಾಬೇಸ್ ಪ್ರೋಗ್ರಾಂನಲ್ಲಿದೆ. ಹೆಸರುಗಳು ಹಳೆ ನುಡಿ ಫಾಂಟಿನಲ್ಲಿವೆ. ಡೇಟಾ ಇರುವುದು ಒಂದು ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನ ಶೇರ್ ಫೋಲ್ಡರಿನಲ್ಲಿ. ಐದು ಕಂಪ್ಯೂಟರುಗಳಿಂದ ಬಿಲ್ ಹಾಕುತ್ತೇವೆ. ಹೊಸ ಸರ್ವರ್ ತಂದು ಆ ಫೋಲ್ಡರನ್ನು ಅದಕ್ಕೆ ಹಾಕಿದರೆ ಆಗುವುದಿಲ್ಲವೇ?

ಉತ್ತರ: ಮೊದಲ ವಾರ ಆದಂತೆ ಕಾಣುತ್ತದೆ, ಆಮೇಲೆ ಇಂಡೆಕ್ಸ್ (ದಾಖಲೆ ಬೇಗ ಹುಡುಕಿಕೊಡುವ ಸೂಚಿ) ಕೆಡತೊಡಗುತ್ತದೆ. ನೆಟ್‌ವರ್ಕ್‌ನಲ್ಲಿ ಫೈಲು ಹಂಚುವ ವಿಧಾನಕ್ಕೆ ಎಸ್‌ಎಂಬಿ ಎನ್ನುತ್ತಾರೆ; ಎಕ್ಸ್‌ಪಿಗೆ ಬರುವುದು ಅದರ ಹಳೆ ಆವೃತ್ತಿ ಎಸ್‌ಎಂಬಿ 1 ಮಾತ್ರ. ಈಗಿನ ವಿಂಡೋಸ್ ಸರ್ವರಿನಲ್ಲಿ ಅದು ತಾನಾಗಿ ಇರುವುದಿಲ್ಲ, ಭದ್ರತೆಯ ದೃಷ್ಟಿಯಿಂದ ಹಾಕಲೂಬಾರದು. ಹೊಸ ಎಸ್‌ಎಂಬಿಯಲ್ಲಿ ಪ್ರತಿ ಕಂಪ್ಯೂಟರೂ ಫೈಲಿನ ಭಾಗವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಐದು ಜನ ಒಂದೇ ಡಿಬಿಎಫ್‌ಗೆ (ದಾಖಲೆಗಳಿರುವ ಫೈಲು) ಬರೆದಾಗ ಸಿಡಿಎಕ್ಸ್ ಫೈಲಿನಲ್ಲಿರುವ ಇಂಡೆಕ್ಸ್ ಹಾಳಾಗುವುದು ಇದರಿಂದಲೇ. ತಾತ್ಕಾಲಿಕವಾಗಿ ಪ್ರೋಗ್ರಾಂ, ಡೇಟಾ ಎರಡನ್ನೂ ಸರ್ವರಿನಲ್ಲೇ ಇಟ್ಟು ಎಲ್ಲರೂ ರಿಮೋಟ್ ಡೆಸ್ಕ್‌ಟಾಪಿನಿಂದ ಒಳಹೋಗಬಹುದು. ಅದಕ್ಕೆ ಬೇರೆ ಲೈಸೆನ್ಸ್ ಕೊಳ್ಳಬೇಕು. ಮೈಕ್ರೋಸಾಫ್ಟ್ ಫಾಕ್ಸ್‌ಪ್ರೊ ಬೆಂಬಲವನ್ನು 2015ರಲ್ಲೇ ನಿಲ್ಲಿಸಿರುವುದರಿಂದ ಇದೇ ಕಾಯಂ ದಾರಿಯಾಗದು.

ಕಾಯಂ ದಾರಿ ಎಂದರೆ ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸಿಗೆ ಹೋಗುವುದು. ಎಲ್ಲರನ್ನೂ ಪ್ರೋಗ್ರಾಂನಿಂದ ಹೊರಬರಲು ಹೇಳಿ ಡಿಬಿಎಫ್, ಎಫ್‌ಪಿಟಿ, ಸಿಡಿಎಕ್ಸ್, ಡಿಬಿಸಿ ಫೈಲುಗಳನ್ನೆಲ್ಲ ಕಾಪಿ ಮಾಡಿ. ಎಫ್‌ಪಿಟಿ ಬಿಟ್ಟುಹೋದರೆ ಮೆಮೊ ಕಾಲಂನ (ಉದ್ದ ಬರಹ ಹಾಕುವ ಕಾಲಂ) ಷರಾಗಳು ಹೋದವೆಂದೇ ಲೆಕ್ಕ. ಕೆಲಸ ನಡೆಯಬೇಕಾದ್ದು ಆ ಕಾಪಿಯ ಮೇಲೆ.

ಫಾಕ್ಸ್‌ಪ್ರೊದಲ್ಲಿ ಡಿಲೀಟ್ ಮಾಡಿದ ದಾಖಲೆ ‘ಪ್ಯಾಕ್’ (ಡಿಲೀಟ್ ಆದದ್ದನ್ನು ಪೂರ್ತಿ ತೆಗೆಯುವ ಆಜ್ಞೆ) ಆಗುವವರೆಗೂ ಫೈಲಿನಲ್ಲೇ ಇರುತ್ತದೆ. ಅದರ ಮೊದಲ ಬೈಟಿನಲ್ಲಿ ಒಂದು ನಕ್ಷತ್ರ ಚಿಹ್ನೆ ಬಿದ್ದಿರುತ್ತದೆ, ಅಷ್ಟೇ. ಅದನ್ನು ನೋಡದ ಪರಿವರ್ತಕ ಬಳಸಿದರೆ ಎಂದೋ ತೆಗೆದುಹಾಕಿದ ಸದಸ್ಯರೆಲ್ಲ ಪಟ್ಟಿಗೆ ವಾಪಸ್ ಬರುತ್ತಾರೆ. ಖಾಲಿ ತಾರೀಖುಗಳು ಹೊಸ ಕಡೆ ನಲ್ (ಬೆಲೆಯೇ ಇಲ್ಲ ಎಂಬ ಗುರುತು) ಆಗಬೇಕು. ಹಣಕ್ಕೆ ನ್ಯೂಮರಿಕ್ 14,2 (ಒಟ್ಟು 14 ಅಂಕಿ, ಅದರಲ್ಲಿ ದಶಮಾಂಶದ ನಂತರ 2), ತೂಕಕ್ಕೆ ನ್ಯೂಮರಿಕ್ 12,3 ಇಡಿ. ದಶಮಾಂಶವನ್ನು ಅಂದಾಜಾಗಿ ಹಿಡಿಯುವ ಫ್ಲೋಟ್ ಇಟ್ಟರೆ ಪೈಸೆ ತಾಳೆಯಾಗದೆ ಆಡಿಟ್ ದಿನ ಪೇಚಾಟ.

ಅತಿ ಹೆಚ್ಚು ಸಮಯ ತಿನ್ನುವುದು ಕನ್ನಡ. ಹಳೆ ನುಡಿಯಲ್ಲಿ ಉಳಿದಿರುವುದು ಅಕ್ಷರವಲ್ಲ, ಅಕ್ಷರದ ತುಂಡುಗಳು, ಅದೂ ಕಣ್ಣಿಗೆ ಕಾಣುವ ಕ್ರಮದಲ್ಲಿ. ‘ತೀರ್ಥಹಳ್ಳಿ’ ತೆಗೆದುಕೊಳ್ಳಿ: ಹಳೆ ಡೇಟಾದಲ್ಲಿ ಅರ್ಕಾವೊತ್ತು ‘ಥ’ ಆದ ಮೇಲೆ ಬರುತ್ತದೆ, ಯುನಿಕೋಡ್‌ನಲ್ಲಿ (ಎಲ್ಲ ಕಡೆ ನಡೆಯುವ ಈಗಿನ ಅಕ್ಷರ ಸಂಕೇತ) ‘ರ್’ ಮೊದಲು ಬರಬೇಕು. ಒತ್ತಕ್ಷರಕ್ಕೆ ಸ್ವರ ಸೇರಿದಲ್ಲೂ ಹೀಗೇ ಹಿಂದುಮುಂದು. ಆದ್ದರಿಂದ ಬರೀ ಹುಡುಕಿ-ಬದಲಿಸುವ ಸ್ಕ್ರಿಪ್ಟಿಗೆ ಇದು ಬಗ್ಗದು. ಕ್ರಮ ತಿದ್ದುವ ಪರಿವರ್ತಕವೇ ಬೇಕು. ಅದೇ ಕಾಲಂನಲ್ಲಿ ಇಂಗ್ಲಿಷ್ ಇನಿಷಿಯಲ್ ಇದ್ದರೆ ಅದೂ ಕನ್ನಡ ಅಕ್ಷರವಾಗಿಬಿಡುತ್ತದೆ, ಅಂಥವನ್ನು ಬೇರೆ ತೆಗೆದು ಕೈಯಲ್ಲೇ ನೋಡಿ. ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸಲು ಡೇಟಾಬೇಸಿನಲ್ಲಿ ಕನ್ನಡ ಕೊಲೇಷನ್ (ಅಕ್ಷರ ಜೋಡಣೆಯ ನಿಯಮ) ಆರಿಸಿಕೊಳ್ಳಿ.

ಫಾಕ್ಸ್‌ಪ್ರೊ ಪರದೆಗಳು ಯುನಿಕೋಡ್ ಕನ್ನಡ ತೋರಿಸುವುದಿಲ್ಲ. ಪರದೆಗಳನ್ನು ಹೊಸದಾಗಿ ಬರೆಸಲೇಬೇಕು, ಬ್ರೌಸರಿನಲ್ಲಿ ನಡೆಯುವಂತೆ. ನಿಜವಾದ ಖರ್ಚು ಇಲ್ಲಿಯೇ; ಸರ್ವರಿಗಲ್ಲ.

ತಾಳೆ ನೋಡುವುದು ಹೀಗೆ: ಡಿಲೀಟ್ ಆಗದ ದಾಖಲೆಗಳ ಸಂಖ್ಯೆ, ಪ್ರತಿ ಖಾತೆಯ ಬಾಕಿ, ಅಡಿಕೆಯ ಬಗೆಗಳಾದ ರಾಶಿ, ಬೆಟ್ಟೆ, ಸರಕು, ಗೊರಬಲು ಒಂದೊಂದರ ಒಟ್ಟು ತೂಕ ಎರಡೂ ಕಡೆ ಒಂದೇ ಬರಬೇಕು. ಆಮೇಲೆ ಒಂದು ತಿಂಗಳು ಎರಡರಲ್ಲೂ ಬಿಲ್ ಹಾಕಿ. ಸಿಬ್ಬಂದಿ ಗೊಣಗುತ್ತಾರೆ, ಆದರೂ ಬಿಡಬೇಡಿ. ಸುಗ್ಗಿ ಜೋರಾಗಿರುವಾಗ ಮಾತ್ರ ಇದಕ್ಕೆ ಕೈಹಾಕಬೇಡಿ.

ಐದು ಕಂಪ್ಯೂಟರಿಗೆ 16 ಜಿಬಿ ಇಸಿಸಿ (ತಪ್ಪು ತಾನೇ ತಿದ್ದಿಕೊಳ್ಳುವ) ಮೆಮೊರಿ, ರೈಡ್ 1ರಲ್ಲಿ (ಒಂದೇ ಡೇಟಾ ಎರಡು ಡಿಸ್ಕಿನಲ್ಲೂ ಇರುವ ಜೋಡಣೆ) ಎರಡು ಎಸ್‌ಎಸ್‌ಡಿ ಇರುವ ಟವರ್ ಸರ್ವರ್ ಸಾಕು. ರೈಡ್ ಬ್ಯಾಕಪ್ ಅಲ್ಲ: ರಾತ್ರಿಯ ಡಂಪ್ (ಡೇಟಾಬೇಸಿನ ಪೂರ್ತಿ ನಕಲು) ಎರಡು ಹೊರ ಡಿಸ್ಕ್‌ಗಳಿಗೆ ಸರದಿಯಂತೆ ಹೋಗಲಿ, ಒಂದು ಯಾವಾಗಲೂ ಬೇರೆ ಕಟ್ಟಡದಲ್ಲಿರಲಿ. ನಮ್ಮ ಕಡೆ ಸಿಡಿಲು ತಾಮ್ರದ ತಂತಿ ಹಿಡಿದೇ ಒಳಗೆ ಬರುತ್ತದೆ. ಕಚೇರಿಯಿಂದ ಗೋದಾಮಿಗೆ ನೆಟ್‌ವರ್ಕ್ ಕೇಬಲ್ ಎಳೆದಿದ್ದರೆ ಅದರ ಬದಲು ಆಪ್ಟಿಕಲ್ ಫೈಬರ್ ಹಾಕಿಸಿ. ಆನ್‌ಲೈನ್ ಯುಪಿಎಸ್‌ಗೂ ಅರ್ಥಿಂಗ್ ಸರಿಯಿರಬೇಕು.

ಪ್ರಶ್ನೆ: ಹಳೆ ಎಕ್ಸ್‌ಪಿ ಕಂಪ್ಯೂಟರನ್ನು ವರ್ಚುವಲ್ ಮಷಿನ್ (ಹೊಸ ಕಂಪ್ಯೂಟರಿನೊಳಗೆ ಪ್ರೋಗ್ರಾಂನಂತೆ ನಡೆಯುವ ಕಂಪ್ಯೂಟರ್) ಮಾಡಿ ಇಟ್ಟುಕೊಳ್ಳಬಹುದೇ? (ಹೊಸನಗರದಿಂದ)

ಉತ್ತರ: ಹಳೆ ವರ್ಷಗಳ ಲೆಕ್ಕ ನೋಡಲು ಇಟ್ಟುಕೊಳ್ಳಿ. ಡಿಸ್ಕ್ ಕಂಟ್ರೋಲರ್ ಹಳೆ ಬಗೆಯ ಐಡಿಇ ಎಂದೇ ಆರಿಸಿ. ಸಾಟಾ ಇಟ್ಟರೆ ಡ್ರೈವರ್ ಸಿಗದೆ 7ಬಿ ನೀಲಿ ಪರದೆ ಬರುತ್ತದೆ. ಪ್ರೋಗ್ರಾಂಗೆ ಯುಎಸ್‌ಬಿ ಡಾಂಗಲ್ (ಲೈಸೆನ್ಸಿನ ಕೀಲಿಯಾಗಿ ಚುಚ್ಚುವ ಸಾಧನ) ಬೇಕಿದ್ದರೆ ವರ್ಚುವಲ್ ಮಷಿನ್ ನಡೆಸಲು ವಿಂಡೋಸಿನ ಹೈಪರ್-ವಿ ಬೇಡ, ವರ್ಚುವಲ್‌ಬಾಕ್ಸ್ ಬಳಸಿ. ನೆಟ್‌ವರ್ಕ್ ಕಾರ್ಡ್ ಮಾತ್ರ ತೆಗೆದೇ ಇಡಿ.