ಜೀವಕೋಶದ ಪೊರೆಯ ಮೂಲಕ ನಡೆಯುವ ಸಾಗಣೆಯ ಬಗೆಗಳನ್ನು ನೆನಪಿಡಲು ಒಳ್ಳೆಯ ಕೋಷ್ಟಕ ಯಾವುದು? ಚಿಕ್ಕದು ತಾನಾಗಿ ನುಸುಳುತ್ತದೆ, ದೊಡ್ಡದಕ್ಕೆ ಬಾಗಿಲು ಬೇಕು ಎಂದುಕೊಂಡು ಗ್ಲೂಕೋಸನ್ನು ಸುಗಮ ವಿಸರಣೆಯ ಕೆಳಗೆ ಹಾಕಿದ್ದೇನೆ.

ಕೋಷ್ಟಕ ಹುಡುಕಬೇಡಿ. ನನ್ನ ಹತ್ತಿರ ಬಹಳ ಒಳ್ಳೆಯ ಕೋಷ್ಟಕವೇ ಇತ್ತು. ಸರಳ ವಿಸರಣೆ (ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನಾಗಿ), ಸುಗಮ ವಿಸರಣೆ (ಅದೇ ದಿಕ್ಕಿಗೆ, ಆದರೆ ಪ್ರೋಟೀನಿನ ಮೂಲಕ), ಸಕ್ರಿಯ ಸಾಗಣೆ (ಶಕ್ತಿ ಖರ್ಚು ಮಾಡಿ ಎದುರು ದಿಕ್ಕಿಗೆ) ಅಂತ ಮೂರು ಕಾಲಂ, ಒಂದೊಂದರ ಕೆಳಗೂ ಉದಾಹರಣೆಗಳು. ಕಣ್ಣು ಮುಚ್ಚಿಕೊಂಡು ಒಪ್ಪಿಸುತ್ತಿದ್ದೆ. ಪಿಎಚ್‌ಡಿ ಸಂದರ್ಶನದಲ್ಲಿ ಪ್ರಾಧ್ಯಾಪಕಿಯೊಬ್ಬರು ಚಾನೆಲ್ ಬಗ್ಗೆ, ಅಂದರೆ ಅಯಾನುಗಳು (ವಿದ್ಯುದಾವೇಶವುಳ್ಳ ಕಣಗಳು) ಪೊರೆಯನ್ನು ಹಾಯಲು ದಾರಿಯಾಗುವ ಪ್ರೋಟೀನಿನ ಬಗ್ಗೆ, ಕೇಳಿದರು: “ಪೊಟ್ಯಾಸಿಯಂ ಚಾನೆಲ್‌ನಲ್ಲಿ ಪೊಟ್ಯಾಸಿಯಂ ಸಲೀಸಾಗಿ ಹೋಗುತ್ತೆ, ಸೋಡಿಯಂ ಯಾಕೆ ಹೋಗಲ್ಲ?”

“ಗಾತ್ರ ಮೇಡಂ, ರಂಧ್ರ ಚಿಕ್ಕದು” ಅಂದೆ.

“ಎರಡರಲ್ಲಿ ಚಿಕ್ಕ ಅಯಾನು ಯಾವುದು?”

ಸೋಡಿಯಂ. ಅದು ನನಗೆ ಗೊತ್ತಿತ್ತು. ನನ್ನ ಮೊದಲ ಉತ್ತರಕ್ಕೂ ಇದಕ್ಕೂ ತಾಳಮೇಳವಿಲ್ಲ ಅನ್ನುವುದು ಮಾತ್ರ ಆ ಗಳಿಗೆಯವರೆಗೆ ಹೊಳೆದೇ ಇರಲಿಲ್ಲ. ಸೀಟು ಕೈತಪ್ಪಿತು, ಒಂದು ವರ್ಷ ಹೋಯಿತು.

ನಾನು ಎಡವಿದ್ದು ಎಲ್ಲಿ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಇದೆ. “ಚಿಕ್ಕದು ತಾನಾಗಿ ನುಸುಳುತ್ತದೆ, ದೊಡ್ಡದಕ್ಕೆ ಬಾಗಿಲು ಬೇಕು” ಎಂದು ಬರೆದಿದ್ದೀರಿ. ಪೊರೆ ಜರಡಿಯಲ್ಲ. ಅದರ ನಡುಭಾಗ ಸುಮಾರು 3 ನ್ಯಾನೊಮೀಟರ್ ದಪ್ಪದ ಎಣ್ಣೆಯ ಪದರ. ಕಾರ್ಟಿಸಾಲ್ ಹಾರ್ಮೋನಿನ ತೂಕ 362 ಡಾಲ್ಟನ್, ಆದರೂ ಎಣ್ಣೆಯಲ್ಲಿ ಕರಗಿ ದಾಟಿಬಿಡುತ್ತದೆ. ಸೋಡಿಯಂ ಬರೀ 23, ಹೊರಗೇ ಉಳಿಯುತ್ತದೆ. ಅದಕ್ಕೆ ವಿದ್ಯುದಾವೇಶ ಇದೆ, ಆ ಆವೇಶಕ್ಕೆ ನೀರಿನ ಅಣುಗಳು ಸುತ್ತಲೂ ಅಂಟಿಕೊಂಡಿರುತ್ತವೆ. ಅವನ್ನು ಬಿಟ್ಟು ಎಣ್ಣೆಯೊಳಗೆ ಹೋಗಲು ಬೇಕಾಗುವ ಶಕ್ತಿ ವಿಪರೀತ.

ಚಾನೆಲ್ ಮಾಡುವ ಕೆಲಸ ಆ ನಷ್ಟವನ್ನು ತುಂಬಿಕೊಡುವುದು. ಪೊಟ್ಯಾಸಿಯಂ ಚಾನೆಲ್‌ನ ಅತಿ ಕಿರಿದಾದ ಭಾಗದಲ್ಲಿ ಪ್ರೋಟೀನಿನ ಆಮ್ಲಜನಕ ಪರಮಾಣುಗಳು ಒಳಮುಖವಾಗಿ ನಿಂತಿವೆ. ಪೊಟ್ಯಾಸಿಯಂ ನೀರನ್ನು ಕಳಚಿದರೆ, ನೀರಿನ ಆಮ್ಲಜನಕ ಎಷ್ಟು ದೂರದಲ್ಲಿತ್ತೋ ಅಷ್ಟೇ ದೂರದಲ್ಲಿ ಇವು ಸಿಗುತ್ತವೆ, ಹಾಗಾಗಿ ಅದಕ್ಕೆ ನಷ್ಟವಿಲ್ಲ. ಪೊಟ್ಯಾಸಿಯಂನ ತ್ರಿಜ್ಯ 1.33 ಆಂಗ್‌ಸ್ಟ್ರಾಂ, ಸೋಡಿಯಂನದು 0.95. ಸೋಡಿಯಂ ಒಳಗೆ ಬಂದರೆ ಆ ಆಮ್ಲಜನಕಗಳು ಅದನ್ನು ಬಿಗಿಯಾಗಿ ಸುತ್ತುವರಿಯಲಾರವು, ಅದಕ್ಕೆ ನೀರಿನಲ್ಲೇ ಇರುವುದು ಲಾಭ. ಈ ರಚನೆಯನ್ನು 1998ರಲ್ಲಿ ತೋರಿಸಿಕೊಟ್ಟದ್ದು ರಾಡರಿಕ್ ಮ್ಯಾಕಿನನ್ ತಂಡ, ಮ್ಯಾಕಿನನ್ ಅವರಿಗೆ 2003ರಲ್ಲಿ ನೊಬೆಲ್ ಬಂತು. ಪೊಟ್ಯಾಸಿಯಂ ಇದರಲ್ಲಿ ಸೋಡಿಯಂಗಿಂತ ಸುಮಾರು 10,000 ಪಟ್ಟು ಸುಲಭವಾಗಿ ಹಾಯುತ್ತದೆ. ಚಿಕ್ಕದಾಗಿರುವುದೇ ಇಲ್ಲಿ ಸೋಡಿಯಂಗೆ ಅಡ್ಡಿ! ನನ್ನ ಕೋಷ್ಟಕದ ಯಾವ ಕಾಲಂನಲ್ಲೂ ಇದಕ್ಕೆ ಜಾಗವಿರಲಿಲ್ಲ.

ನೀವು ಗ್ಲೂಕೋಸನ್ನು ಸುಗಮ ವಿಸರಣೆಯ ಕೆಳಗೆ ಹಾಕಿದ್ದೀರಿ. ಸಣ್ಣ ಕರುಳಿನ ಒಂದೇ ಒಂದು ಕೋಶವನ್ನು ನೋಡಿ. ಆಹಾರದ ಕಡೆಯ ಪೊರೆಯಲ್ಲಿ ಎಸ್‌ಜಿಎಲ್‌ಟಿ1 ಎಂಬ ಪ್ರೋಟೀನು ಎರಡು ಸೋಡಿಯಂ ಒಳಗಿಳಿಯುವ ಬಲದಿಂದ, ಅವುಗಳ ಜೊತೆಗೆ ಒಂದು ಗ್ಲೂಕೋಸನ್ನು ಸಾಂದ್ರತೆಯ ವಿರುದ್ಧವಾಗಿಯೂ ಒಳಗೆಳೆಯಬಲ್ಲದು. ರಕ್ತದ ಕಡೆಯಲ್ಲಿ ಅದೇ ಗ್ಲೂಕೋಸ್ ಜಿಎಲ್‌ಯುಟಿ2 ಎಂಬ ಇನ್ನೊಂದು ಪ್ರೋಟೀನಿನ ಮೂಲಕ ಇಳಿಜಾರಿನಲ್ಲಿ, ಅಂದರೆ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ, ಹೊರಗೆ ಹೋಗುತ್ತದೆ. ಕೋಶದೊಳಗೆ ಸೋಡಿಯಂ ಸದಾ ಕಡಿಮೆ ಇರುವಂತೆ ನೋಡಿಕೊಳ್ಳುವುದು ಸೋಡಿಯಂ ಪಂಪ್ ಎಂಬ ಪ್ರೋಟೀನು: ಒಂದು ಎಟಿಪಿಗೆ (ಕೋಶಕ್ಕೆ ಶಕ್ತಿ ಕೊಡುವ ಅಣು) ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ಭೇದಿಯಾದಾಗ ಓಆರ್‌ಎಸ್ ಕೆಲಸ ಮಾಡುವುದೂ ಇದರಿಂದಲೇ, ಗ್ಲೂಕೋಸ್ ಜೊತೆ ಸೋಡಿಯಂ, ಅವುಗಳ ಹಿಂದೆ ನೀರು. ಈಗ ಹೇಳಿ, ಗ್ಲೂಕೋಸ್ ಯಾವ ಕಾಲಂಗೆ ಸೇರಿದ್ದು?

ಯಾವ ಕೋಷ್ಟಕ ಒಳ್ಳೆಯದು ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ. ಒಂದು ವಸ್ತುವನ್ನು ಹಿಡಿದು ಅದರ ಹಿಂದೆ ಹೋಗಿ. ಅದು ಎಣ್ಣೆಯಲ್ಲಿ ಕರಗುತ್ತದೆಯೇ? ಅದರ ಇಳಿಜಾರು ಯಾವ ಕಡೆಗಿದೆ? ಅಯಾನಾದರೆ ಸಾಂದ್ರತೆಯೊಂದನ್ನೇ ನೋಡಿದರೆ ಸಾಲದು, ವೋಲ್ಟೇಜನ್ನೂ ಸೇರಿಸಿ ನೋಡಬೇಕು, ಇದನ್ನು ಬಿಟ್ಟವರೇ ಹೆಚ್ಚು. ಕ್ಯಾಲ್ಸಿಯಂನಿಂದಲೇ ಶುರುಮಾಡಿ. ಹೊರಗೆ ಅದು ಒಳಗಿಗಿಂತ ಸುಮಾರು 10,000 ಪಟ್ಟು ಹೆಚ್ಚು, ಒಳಗೆ ಋಣ ವೋಲ್ಟೇಜ್, ಎರಡೂ ಅದನ್ನು ಒಳಕ್ಕೇ ತಳ್ಳುತ್ತವೆ. ಅದನ್ನು ಹೊರಹಾಕುವ ಒಂದು ಪ್ರೋಟೀನು ನೇರವಾಗಿ ಎಟಿಪಿ ಖರ್ಚು ಮಾಡುತ್ತದೆ, ಇನ್ನೊಂದು ಮೂರು ಸೋಡಿಯಂ ಒಳಗೆ ಬಿಟ್ಟು ಒಂದು ಕ್ಯಾಲ್ಸಿಯಂ ಹೊರದೂಡುತ್ತದೆ. ಸೋಡಿಯಂ ಪಂಪ್ ನಿಂತರೆ ಈ ಎರಡನೆಯದಕ್ಕೆ ಏನಾಗುತ್ತದೆ ಅನ್ನುವುದನ್ನು ಪುಸ್ತಕ ಮುಚ್ಚಿ ಬರೆದು ನೋಡಿ.