ಆಸ್ಪತ್ರೆಯಲ್ಲಿ ಬಡ ರೋಗಿಗೆ ವಕೀಲರು ಏನು ಮಾಡಬಲ್ಲರು?

ಚಿಕಿತ್ಸೆ ಡಾಕ್ಟರ್ ಕೊಡುತ್ತಾರೆ, ಅಲ್ಲಿ ವಕೀಲರಿಗೇನು ಕೆಲಸ ಎಂದು ಕೇಳಿದ್ದೀರಿ. ನಾನು ಹುಬ್ಬಳ್ಳಿಯಲ್ಲಿ ಉಚಿತ ಕಾನೂನು ನೆರವಿನ ಕೇಸು ನಡೆಸುತ್ತೇನೆ. ಬಡವರ ಎಷ್ಟೋ ಕೇಸು ಕೋರ್ಟಿಗೆ ಬರುವ ಮೊದಲೇ ಕೇಸ್ ಶೀಟಿನಲ್ಲಿ, ಅಂದರೆ ಆಸ್ಪತ್ರೆಯವರು ಬರೆಯುವ ರೋಗಿಯ ದಾಖಲೆಯಲ್ಲಿ, ಸೋತಿರುತ್ತವೆ.

ಗದಗ ಕಡೆಯ ಒಬ್ಬರು, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಕೂಲಿ. ಮಷಿನ್‌ಗೆ ಸಿಕ್ಕಿ ಬಲಗೈಯ ಮೂರು ಬೆರಳು ಹೋದವು. ಕರೆತಂದ ಮೇಸ್ತ್ರಿ 'ಮನ್ಯಾಗ ಮೇವು ಕತ್ತರಸೂವಾಗ ಆತ್ರಿ' ಎಂದು ಬರೆಸಿಬಿಟ್ಟ. ಗಾಯ ತೊಳೆಯುತ್ತಿದ್ದ ಚಿಕ್ಕ ವಯಸ್ಸಿನ ಡಾಕ್ಟರಿಗೆ ಗ್ರೀಸ್ ಮೆತ್ತಿದ ಹತ್ತಿ ಎಳೆ ಕಂಡಿತು. ಮೇಸ್ತ್ರಿಯನ್ನು ಹೊರಗೆ ಕಳಿಸಿ, 'ಯಜಮಾನ್ರ, ಖರೇ ಹೇಳ್ರಿ, ಎಲ್ಲಿ ಆತು?' ಎಂದು ಕೇಳಿದರು. ಅವರು ಹೇಳಿದ್ದನ್ನು ಹಾಗೆಯೇ ಬರೆದು, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಕೇಸು ಎಂಬ ದಾಖಲೆ) ಮಾಡಿಸಿ, ಅವರ ಒಪ್ಪಿಗೆ ಪಡೆದು ನನಗೆ ಫೋನ್ ಮಾಡಿದರು. ಹಿಂದೆ ಒಂದು ಶಿಬಿರದಲ್ಲಿ ಸುಮ್ನೆ ಕೊಟ್ಟಿದ್ದ ನಂಬರ್ ಅದು.

ನಾನು ವಾರ್ಡಿಗೆ ಹೋದಾಗ ಮಿಲ್ಲಿನವರು ಆಗಲೇ ಖಾಲಿ ಹಾಳೆ ತಂದು, ಹೆಂಡತಿಯ ಹೆಬ್ಬೆಟ್ಟು ಕೇಳುತ್ತಿದ್ದರು. ಹತ್ತು ನಿಮಿಷ ತಡವಾಗಿದ್ದರೆ ಒತ್ತಿಯೇ ಬಿಡುತ್ತಿದ್ದರು. ಒಂದು ಕೈಯ ಮೂರು ಬೆರಳು ಹೋದರೆ ದುಡಿಯುವ ಶಕ್ತಿ ಶೇ 30ರಷ್ಟು ನಷ್ಟ ಎಂದು ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲೇ ಇತ್ತು. ಆದರೆ ಗಾಯ ಕೆಲಸದಲ್ಲಿ ಆಯ್ತು ಎಂದು ತೋರಿಸಬೇಕಲ್ಲ? ಡಾಕ್ಟರ್ ಬರೆದ ಆ ಎರಡು ಸಾಲಿನಿಂದಲೇ ಪರಿಹಾರ ಸಿಕ್ಕಿತು.

1993ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಮಕ್ಕಳ ಡಾಕ್ಟರ್ ಬ್ಯಾರಿ ಜುಕರ್‌ಮನ್ ಆಸ್ಪತ್ರೆಯೊಳಗೇ ವಕೀಲರನ್ನು ಕೂರಿಸಿದರು. ಉಬ್ಬಸದ ಮಕ್ಕಳು ಔಷಧ ತಗೊಂಡು ಮತ್ತೆ ಬೂಷ್ಟು ಹಿಡಿದ ಬಾಡಿಗೆ ಮನೆಗೇ ಹೋಗುತ್ತಿದ್ದರು. ಮಾಲೀಕರಿಂದ ಮನೆ ರಿಪೇರಿ ಮಾಡಿಸಲು ಡಾಕ್ಟರ ಚೀಟಿ ಸಾಲದು, ವಕೀಲರೇ ಬೇಕು.

ನಮ್ಮಲ್ಲೂ ಕಾನೂನು ಇದಕ್ಕೆ ದಾರಿ ಮಾಡಿಕೊಟ್ಟಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರಿಗೆ ವಕೀಲರು ಉಚಿತ. ಅವರ ಆದಾಯ ಕೇಳುವಂತಿಲ್ಲ. ಮಾನಸಿಕ ಆರೋಗ್ಯ ಕಾಯ್ದೆ 2017 ಇನ್ನೂ ಮುಂದೆ ಹೋಗಿದೆ. ಈ ಹಕ್ಕು ಇದೆ ಎಂದು ರೋಗಿಗೆ ತಿಳಿಸುವುದು ಮಾನಸಿಕ ಆಸ್ಪತ್ರೆಯ ಉಸ್ತುವಾರಿ ವೈದ್ಯರ ಕರ್ತವ್ಯ ಎನ್ನುತ್ತದೆ ಅದರ 27ನೇ ಸೆಕ್ಷನ್. ಎಲ್ಲ ಆಸ್ಪತ್ರೆಗೂ ಇದು ಬರಬೇಕು ಎಂಬುದು ನನ್ನ ಆಸೆ.

ನಿಮ್ಮವರು ಯಾರಾದರೂ ವಾರ್ಡಿನಲ್ಲಿದ್ದರೆ ಡಿಸ್ಚಾರ್ಜ್‌ಗೆ ಮುಂಚೆಯೇ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಗಾಯ ಎಲ್ಲಿ, ಹೇಗೆ ಆಯ್ತು ಎಂದು ಕೇಸ್ ಶೀಟಿನಲ್ಲಿ ಬರೆದಿದ್ದಾರೆ ಅಂತ ಡಾಕ್ಟರನ್ನು ಕೇಳಿ, ಓದಿಸಿಕೊಳ್ಳಿ.